ಪಿಸ್ತೂಲಿನ ಎರಡು ಕಣ್ಣುಗಳು

(ವಿಠ್ಠಲವಾಡಿಯ ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಇಂದಿನ ಭಾಷಣದ ವಿಷಯವನ್ನು ಫಲಕದ ಮೇಲೆ ಬರೆದದ್ದನ್ನು ಕಂಡು ಕೆಲವರು ಹುಬ್ಬೇರಿಸಿದ್ದು ನಮಗೆ ಗೊತ್ತು. ವಾಚನಾಲಯದಲ್ಲಿ ಪುಸ್ತಕದ ಮಾತು ಬರಬೇಕು. ಪಿಸ್ತೂಲಿನ ಮಾತೇಕೆ ಎಂದು ಒಬ್ಬ ಹಿರಿಯರು ಕೇಳಿಯೂ ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಮೊದಲು ಉತ್ತರ ಹೇಳಿ ಮುಂದೆ ಹೋಗುತ್ತೇವೆ.

ನಾವಿರುವ ಈ ವಿಠ್ಠಲವಾಡಿಯಿಂದ ಲೋಕಲ್ ಗಾಡಿ ಹತ್ತಿದರೆ ಒಂದು ಉಲ್ಹಾಸನಗರ, ಎರಡನೆಯದು ಅಂಬರನಾಥ. ಅಂಬರನಾಥದ ಆರ್ಡ್‌ನನ್ಸ್ ಫ್ಯಾಕ್ಟರಿಯ ಹೆಸರು ಕೇಳದವರು ಇಲ್ಲಿ ಯಾರೂ ಇಲ್ಲ. ೨೦೨೧ರ ಅಕ್ಟೋಬರ್ ೧ರಂದು ದೇಶದ ಆರ್ಡ್‌ನನ್ಸ್ ಕಾರಖಾನೆಗಳನ್ನೆಲ್ಲ ಏಳು ಸರಕಾರಿ ಕಂಪನಿಗಳಾಗಿ ವಿಂಗಡಿಸಿದಾಗ ಅದು ಯಂತ್ರ ಇಂಡಿಯಾ ಎಂಬ ಕಂಪನಿಗೆ ಸೇರಿತು. ಅದರ ನೆರೆಯ ಮಷೀನ್ ಟೂಲ್ ಪ್ರೊಟೊಟೈಪ್ ಕಾರಖಾನೆ ಬೇರೊಂದು ಕಂಪನಿಗೆ ಹೋಯಿತು. ಹೀಗೆ ಆಯುಧದ ಮಾತು ನಮ್ಮ ನೆರೆಹೊರೆಯ ಮಾತೇ ಆಗಿದೆ. ಇನ್ನು ನಮ್ಮ ಸದಸ್ಯರಲ್ಲಿ ಪೊಲೀಸ್ ಮತ್ತು ರೈಲ್ವೆ ರಕ್ಷಣಾ ದಳದ ಪರೀಕ್ಷೆಗೆ ಓದುವ ತರುಣರಿದ್ದಾರೆ. ಬ್ಯಾಂಕಿನ ಬಾಗಿಲಲ್ಲಿ ಕಾವಲು ನಿಲ್ಲುವವರಿದ್ದಾರೆ. ಲೇತು, ಮಿಲ್ಲಿಂಗು ನಡೆಸುವ ಫಿಟ್ಟರರಿದ್ದಾರೆ. ಕಳೆದ ತಿಂಗಳು ಅವರಲ್ಲಿ ಇಬ್ಬರು ನಮ್ಮಲ್ಲಿಗೆ ಬಂದು ಎರಡು ಪ್ರಶ್ನೆ ಕೇಳಿದರು. ಒಬ್ಬನದು: “ಸರ್, ಸಿನಿಮಾದಲ್ಲಿ ಪಿಸ್ತೂಲಿನ ಮೇಲೆ ಒಂದು ಗಾಜಿನ ಡಬ್ಬಿ, ಅದರೊಳಗೆ ಕೆಂಪು ಚುಕ್ಕಿ ಇರುತ್ತದಲ್ಲ, ಒಲಿಂಪಿಕ್ಸಿನಲ್ಲಿ ನಮ್ಮವರ ಪಿಸ್ತೂಲಿಗೆ ಅದು ಯಾಕಿಲ್ಲ?” ಇನ್ನೊಬ್ಬನದು ಇದಕ್ಕಿಂತ ಗಂಭೀರವಾದದ್ದು. ಅದನ್ನು ಕೊನೆಗೆ ಹೇಳುತ್ತೇವೆ.

ಕೆಂಪು ಚುಕ್ಕಿಗೆ ಬರುವ ಮೊದಲು ಹಳೆಯದನ್ನು ತಿಳಿಯಬೇಕು. ಪಿಸ್ತೂಲಿನ ನಳಿಗೆಯ ತುದಿಯಲ್ಲಿ ಒಂದು ಸಣ್ಣ ಕಬ್ಬಿಣದ ಗೂಟ. ಹಿಂಭಾಗದಲ್ಲಿ ನಡುವೆ ಕಚ್ಚು ಹಾಕಿದ ಒಂದು ಪಟ್ಟಿ. ಮುಂದಿನ ಗೂಟಕ್ಕೆ ಹಿಂದೀ ಸಿಪಾಯಿಗಳು ‘ಮಕ್ಖಿ’ ಎನ್ನುತ್ತಾರೆ. ನಳಿಗೆಯ ಮೇಲೆ ನೊಣ ಕೂತಂತೆ ಕಾಣುವುದರಿಂದ ಆ ಹೆಸರು. ಇಂಗ್ಲಿಷಿನಲ್ಲಿ ಇವೆರಡಕ್ಕೂ ಸೇರಿ ಸೈಟು ಎನ್ನುತ್ತಾರೆ. ಬೆಂಗಳೂರಿನವರಿಗೆ ಸೈಟು ಎಂದರೆ ಮನೆ ಕಟ್ಟುವ ಜಾಗ. ನಾವು ಇಲ್ಲಿ ಹೇಳುವ ಸೈಟಿಗೆ ಖಾತೆ, ಕಂದಾಯ ಏನೂ ಇಲ್ಲ. ಹಿಂದಿನ ಕಚ್ಚಿನ ನಡುವೆ ಮುಂದಿನ ಗೂಟ ನಿಲ್ಲಬೇಕು. ಗೂಟದ ಎರಡು ಪಕ್ಕಕ್ಕೂ ಬೆಳಕು ಸಮನಾಗಿ ಕಾಣಬೇಕು. ಎರಡರ ತಲೆಯೂ ಒಂದೇ ಮಟ್ಟಕ್ಕಿರಬೇಕು. ಆಮೇಲೆ ಅದನ್ನು ಗುರಿಗೆ ಹೊಂದಿಸಬೇಕು. ಕೇಳುವುದಕ್ಕೆ ಸುಲಭ, ಮಾಡುವುದು ಕಷ್ಟ. ಆ ಕಷ್ಟಕ್ಕೆ ಲೆಕ್ಕವೂ ಉಂಟು. ಹಿಂದಿನ ಪಟ್ಟಿಗೂ ಮುಂದಿನ ಗೂಟಕ್ಕೂ ನಡುವೆ ೧೬೦ ಮಿಲಿಮೀಟರು ದೂರವಿರುವ ಪಿಸ್ತೂಲನ್ನು ತೆಗೆದುಕೊಳ್ಳಿ. ಗೂಟ ಒಂದೇ ಒಂದು ಮಿಲಿಮೀಟರು ಪಕ್ಕಕ್ಕೆ ಸರಿದರೆ ೨೫ ಮೀಟರು ದೂರದಲ್ಲಿ ಗುಂಡು ೧೫ ಸೆಂಟಿಮೀಟರಿಗಿಂತ ಹೆಚ್ಚು ತಪ್ಪಿ ಬೀಳುತ್ತದೆ. ಒಂದು ಮಿಲಿಮೀಟರಿನ ಬೆಲೆ ಏನೆಂಬುದು ಫಿಟ್ಟರರಿಗೆ ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ತೊಡಕು ನಮ್ಮ ಕಣ್ಣಿನದೇ. ಹಿಂದಿನ ಕಚ್ಚು, ಮುಂದಿನ ಗೂಟ, ದೂರದ ಗುರಿ, ಹೀಗೆ ಮೂರು ವಸ್ತುಗಳು ಮೂರು ದೂರದಲ್ಲಿವೆ. ಕಣ್ಣಿಗಾದರೋ ಒಂದು ಹೊತ್ತಿಗೆ ಒಂದೇ ದೂರ ಸ್ಪಷ್ಟ. ಆದಕಾರಣ ಉಸ್ತಾದರು ಹೇಳಿಕೊಡುವುದು ಇಷ್ಟೇ: ಗೂಟವನ್ನು ಸ್ಪಷ್ಟವಾಗಿ ನೋಡು, ಗುರಿ ಮಂಜಾದರೆ ಮಂಜಾಗಲಿ. ಈ ಪಾಠ ಹುಡುಗರಿಗೆ ಸರಿ. ನಲವತ್ತು ದಾಟಿ ಚಾಳೀಸು ಬಂದವರ ಗತಿ ಏನು? ತೋಳು ಚಾಚಿದಷ್ಟು ದೂರದ ಗೂಟವೇ ಮಂಜಾಗುತ್ತದೆ. ಕಚೇರಿಯಲ್ಲಿ ಫೈಲನ್ನು ದೂರ ಹಿಡಿದು ಓದುವ ಗುಮಾಸ್ತರಿಗೆ ಈ ದುಃಖ ತಿಳಿದದ್ದೇ.

ಈ ದುಃಖಕ್ಕೆ ಮದ್ದು ಕಂಡುಹಿಡಿದವರು ಸಿಪಾಯಿಯಲ್ಲ. ದೂರದರ್ಶಕ ಮಾಡುವ ಕುಶಲಿ. ಐರ್ಲೆಂಡಿನ ಡಬ್ಲಿನ್ ಪಟ್ಟಣದ ಸರ್ ಹಾವರ್ಡ್ ಗ್ರಬ್ ಎಂಬವರು. ನಮ್ಮ ಹೈದರಾಬಾದಿನ ನಿಜಾಮಿಯಾ ವೇಧಶಾಲೆಯ ೧೫ ಅಂಗುಲದ ದೂರದರ್ಶಕ ಕೂಡ ಗ್ರಬ್ ಕಂಪನಿಯದೇ. ಅವರು ೧೯೦೦ರಲ್ಲಿ ಒಂದು ಹಂಚಿಕೆ ತೋರಿಸಿದರು. ಒಂದು ಗಾಜಿನ ತುಂಡು ಇರಬೇಕು. ಅದರ ಮೂಲಕ ಗುರಿಯೂ ಕಾಣಬೇಕು. ಅದರ ಮೇಲೆ ಬಿದ್ದ ಒಂದು ಬೆಳಕಿನ ಗುರುತೂ ಕಣ್ಣಿಗೆ ತಿರುಗಿ ಬರಬೇಕು. ಆ ಗುರುತು ಗಾಜಿನ ಮೇಲೆ ಅಂಟಿದಂತೆ ಕಾಣದೆ ಬಹುದೂರದಲ್ಲಿ, ಗುರಿಯ ಮೇಲೆಯೇ ಇಟ್ಟಂತೆ ಕಾಣಬೇಕು. ರಾತ್ರಿ ಲೋಕಲಿನ ಕಿಟಕಿಯ ಗಾಜಿನಲ್ಲಿ ಹೊರಗಿನ ದೀಪಗಳೂ ಒಳಗಿನ ಬಲ್ಬೂ ಒಂದರ ಮೇಲೊಂದು ಕಾಣುವುದಿಲ್ಲವೇ? ಬೀಜ ಅಲ್ಲಿದೆ. ಗಾಜಿಗೆ ತಕ್ಕ ಬಾಗು ಕೊಟ್ಟು, ಬೆಳಕಿನ ಕಿರಣಗಳು ಒಂದಕ್ಕೊಂದು ಸಮಾಂತರವಾಗಿ ಕಣ್ಣಿಗೆ ಬರುವಂತೆ ಮಾಡಿದ್ದು ಗ್ರಬ್ ಅವರ ಜಾಣ್ಮೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಯುದ್ಧವಿಮಾನಗಳಲ್ಲಿ ಇದು ಸಾಮಾನ್ಯವಾಯಿತು. ಬೆಂಗಳೂರಿನಲ್ಲಿ ಎಚ್.ಎ.ಎಲ್. ಕಟ್ಟುವ ತೇಜಸ್ ವಿಮಾನದ ಚಾಲಕನ ಮುಂದೆ ನಿಂತಿರುವ, ವೇಗ ಎತ್ತರಗಳ ಅಂಕಿ ತೋರಿಸುವ ಗಾಜು ಕೂಡ ಇದೇ ವಂಶದ್ದು. ಅದನ್ನು ರೂಪಿಸಿದ್ದು ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣ ಸಂಸ್ಥೆ.

ವಿಮಾನದಲ್ಲಿ ಬಲ್ಬಿಗೆ ಜಾಗವಿತ್ತು; ಕೈಯಲ್ಲಿ ಹಿಡಿಯುವ ಆಯುಧಕ್ಕೆ ಇರಲಿಲ್ಲ. ಸಾಸಿವೆಯಷ್ಟು ಚಿಕ್ಕದಾಗಿ ಕೆಂಪಗೆ ಉರಿಯುವ, ಬಹು ಕಡಿಮೆ ವಿದ್ಯುತ್ತು ಕುಡಿಯುವ ಎಲ್.ಇ.ಡಿ. ದೀಪ ಬಂದ ಮೇಲೆ ದಾರಿ ಸುಗಮವಾಯಿತು. ೧೯೭೫ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ಬಂದೂಕಿಗೆ ಕೆಂಪು ಚುಕ್ಕಿಯ ಸೈಟನ್ನು ಮಾರುಕಟ್ಟೆಗೆ ತಂದಿತು. ಪಿಸ್ತೂಲಿಗೆ ಅದು ಬಂದದ್ದು ಮೊದಲು ಸ್ಪರ್ಧೆಗಳಲ್ಲಿ. ೨೦೧೭ರಲ್ಲಿ ಅಮೆರಿಕದ ಸೈನ್ಯ ಆರಿಸಿಕೊಂಡ ಎಂ-೧೭ ಪಿಸ್ತೂಲಿನ ಸ್ಲೈಡಿನ ಮೇಲೆ ಇಂಥ ಗಾಜನ್ನು ಕೂರಿಸಲು ಜಾಗ ಬಿಟ್ಟೇ ತಯಾರಿಸಿದ್ದಾರೆ. ನಮ್ಮ ಇಛಾಪುರದ ರೈಫಲ್ ಫ್ಯಾಕ್ಟರಿಯಲ್ಲಿ ತಯಾರಾಗುತ್ತ ಬಂದ ೯ ಮಿಲಿಮೀಟರಿನ ಪಿಸ್ತೂಲು ಹಳೆಯ ಕಾಲದ ನಕ್ಷೆಯದು. ಅದಕ್ಕಿರುವುದು ಕಬ್ಬಿಣದ ಸೈಟೇ.

ಈ ಚುಕ್ಕಿಯ ಗುಣವೇನು? ಕಣ್ಣು ಗುರಿಯನ್ನೇ ನೋಡುತ್ತಿರಬಹುದು. ಚುಕ್ಕಿ ಅಲ್ಲಿಯೇ ಕಾಣುತ್ತದೆ. ಮೂರು ವಸ್ತುಗಳ ಜಗಳ ತಪ್ಪುತ್ತದೆ. ಎರಡು ಕಣ್ಣೂ ತೆರೆದಿರಬಹುದು. ಚಾಳೀಸಿನವನಿಗೂ ಚುಕ್ಕಿ ಸ್ಪಷ್ಟ. ಚುಕ್ಕಿಯ ಗಾತ್ರವನ್ನು ಕೋನದ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕೆ ಒಂದು ಮಿನಿಟು. ಅದು ೧೦೦ ಮೀಟರಿನಲ್ಲಿ ಸುಮಾರು ೨೯ ಮಿಲಿಮೀಟರನ್ನು ಮುಚ್ಚುತ್ತದೆ, ೨೫ ಮೀಟರಿನಲ್ಲಿ ೭ ಮಿಲಿಮೀಟರಿನಷ್ಟು. ಮೂರು ಮಿನಿಟಿನ ಚುಕ್ಕಿ ೨೫ ಮೀಟರಿನಲ್ಲಿ ಸುಮಾರು ೨೨ ಮಿಲಿಮೀಟರು, ಅಂದರೆ ಒಂದು ನಾಣ್ಯದಷ್ಟು.

ದೋಷಗಳೂ ಉಂಟು. ಕಣ್ಣಿನಲ್ಲಿ ವಕ್ರದೃಷ್ಟಿಯಿದ್ದವರಿಗೆ, ಅಂದರೆ ಕನ್ನಡಕದ ಚೀಟಿಯಲ್ಲಿ ‘ಸಿಲಿಂಡರ್’ ಎಂದು ಬರೆಸಿಕೊಂಡವರಿಗೆ, ಚುಕ್ಕಿ ಗುಂಡಗೆ ಕಾಣದೆ ಬಾಲ ಬಂದ ಧೂಮಕೇತುವಿನಂತೆ ಕಾಣಬಹುದು. ಗಾಜಿನ ಮೇಲೆ ಮಳೆಹನಿ, ಕೆಸರು, ಬೆವರು ಕೂತರೆ ಚುಕ್ಕಿ ಒಡೆಯುತ್ತದೆ ಇಲ್ಲವೇ ಮಾಯವಾಗುತ್ತದೆ. ದೀಪ ಹೊರಗೆ ತೆರೆದಿರುವ ಮಾದರಿಯಲ್ಲಿ ಒಂದು ಹನಿ ಸಾಕು. ಮುಚ್ಚಿದ ಡಬ್ಬಿಯ ಮಾದರಿ ಸ್ವಲ್ಪ ಮೇಲು. ಬ್ಯಾಟರಿ ಮುಗಿದರೆ ಮುಗಿಯಿತು. ಇವೆಲ್ಲವಕ್ಕಿಂತ ಹೆಚ್ಚಿನ ದೋಷವೊಂದಿದೆ. ಅದು ಗಾಜಿನದಲ್ಲ, ಗಾಜನ್ನು ಕೂರಿಸಿದವನದು. ಆದ್ದರಿಂದ ಕೂರಿಸುವ ಕೆಲಸವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

ಪಿಸ್ತೂಲಿನ ಮೇಲ್ಭಾಗದ ಉಕ್ಕಿನ ಕವಚಕ್ಕೆ ಸ್ಲೈಡು ಎಂದು ಹೆಸರು. ಪ್ರತಿ ಗುಂಡಿಗೂ ಅದು ರಭಸದಿಂದ ಹಿಂದೆ ಹೋಗಿ ಬಡಿದು, ಮತ್ತೆ ಮುಂದೆ ಬಂದು ಬಡಿಯುತ್ತದೆ. ಅದರ ಬೆನ್ನ ಮೇಲೆ ಮೂವತ್ತು ನಲವತ್ತು ಗ್ರಾಮಿನ ಗಾಜಿನ ಉಪಕರಣವೊಂದು ಸವಾರಿ ಕೂತಿದೆ ಎಂದು ಭಾವಿಸಿ. ಓಡುವ ಕುದುರೆಯ ಮೇಲೆ ಕೂತ ಸವಾರನಿಗಿಂತ ಅದರ ಪಾಡು ಕಷ್ಟ. ಅದನ್ನು ಹಿಡಿದಿಟ್ಟುಕೊಂಡಿರುವುದು ಎರಡು ಸಣ್ಣ ತಿರುಪುಗಳು. ಮೂರು ನಾಲ್ಕು ಮಿಲಿಮೀಟರಿನ ದಪ್ಪದವು.

ಕೂರಿಸುವ ದಾರಿಗಳು ಮುಖ್ಯವಾಗಿ ಮೂರು. ಹಿಂದಿನ ಕಬ್ಬಿಣದ ಸೈಟನ್ನು ಅದರ ಗಾಡಿಯಿಂದ ಹೊರತೆಗೆದು, ಆ ಜಾಗದಲ್ಲಿ ಒಂದು ಪಟ್ಟಿ ತೂರಿಸಿ, ಅದರ ಮೇಲೆ ಗಾಜು ಕೂರಿಸುವುದು ಒಂದು. ಇದು ಅಗ್ಗ, ಆದರೆ ಗಾಜು ಎತ್ತರಕ್ಕೆ ಹೋಗುತ್ತದೆ, ಹಳೆಯ ಸೈಟಂತೂ ಹೋಗಿಯೇ ಹೋಯಿತು. ಕಾರಖಾನೆಯಲ್ಲೇ ಸ್ಲೈಡಿನ ಮೇಲೆ ತಗ್ಗು ಕೊರೆದಿಟ್ಟು, ಬೇರೆ ಬೇರೆ ಕಂಪನಿಯ ಗಾಜಿಗೆ ಬೇರೆ ಬೇರೆ ನಡುಪಟ್ಟಿ ಕೊಡುವುದು ಎರಡನೆಯದು. ಒಂದೇ ಮಾದರಿಯ ಗಾಜಿಗೆ ತಕ್ಕಂತೆ ಸ್ಲೈಡನ್ನು ಮಿಲ್ಲಿಂಗ್ ಮಾಡಿ ನೇರವಾಗಿ ಕೂರಿಸುವುದು ಮೂರನೆಯದು. ಇದರಲ್ಲಿ ಗಾಜು ತಗ್ಗಿಗೆ ಕೂರುತ್ತದೆ, ಸಂದುಗಳು ಕಡಿಮೆ. ಸಂದು ಹೆಚ್ಚಾದಷ್ಟೂ ಸಡಿಲವಾಗಲು ಅವಕಾಶ ಹೆಚ್ಚು. ಇದು ಪಿಸ್ತೂಲಿಗೂ ನಿಜ, ನೀರಿನ ಪೈಪಿಗೂ ನಿಜ.

ಕೆಲಸದ ಕ್ರಮ ಹೀಗೆ. ಎಲ್ಲಕ್ಕಿಂತ ಮೊದಲು ಮ್ಯಾಗಜೀನ್ ತೆಗೆದು, ಸ್ಲೈಡನ್ನು ಹಿಂದಕ್ಕೆ ಎಳೆದು, ಕೋಣೆ ಬರಿದಾಗಿದೆ ಎಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಳ್ಳಬೇಕು. ಗುಂಡುಗಳು ಆ ಮೇಜಿನ ಮೇಲೆ ಇರಲೇಬಾರದು. ಆಮೇಲೆ ಕೂರುವ ಜಾಗ, ತೂತು, ತಿರುಪು ಎಲ್ಲವನ್ನೂ ಸ್ಪಿರಿಟಿನಿಂದ ಒರೆಸಿ ಎಣ್ಣೆಯ ಪಸೆ ಇಲ್ಲದಂತೆ ಮಾಡಬೇಕು. ಪಟ್ಟಿಯ ಮೇಲೆ ಸಣ್ಣ ಗುಬ್ಬಿಗಳಿರುತ್ತವೆ; ಅವು ಗಾಜಿನ ತಳದ ಕುಳಿಗಳಲ್ಲಿ ಆಟವಿಲ್ಲದೆ ಕೂರಬೇಕು. ಹಿಂದೆ ಮುಂದೆ ನೂಕುವ ಹೊಡೆತವನ್ನು ತಾಳಬೇಕಾದವು ಆ ಗುಬ್ಬಿಗಳೂ ತಗ್ಗಿನ ಗೋಡೆಗಳೂ ಹೊರತು ತಿರುಪಲ್ಲ. ತಿರುಪಿನ ಕೆಲಸ ಒತ್ತಿ ಹಿಡಿಯುವುದಷ್ಟೇ. ತಳದಲ್ಲಿ ಆಟವಿದ್ದರೆ ಎಷ್ಟು ಬಿಗಿದರೂ ತಿರುಪು ಒಂದು ದಿನ ತುಂಡಾಗುತ್ತದೆ.

ತಿರುಪಿನ ಉದ್ದವನ್ನು ಅಳೆಯದೆ ಹಾಕಬಾರದು. ಗಿಡ್ಡವಾದರೆ ಎರಡೇ ಸುತ್ತು ಕಚ್ಚಿ ಥ್ರೆಡ್ಡು ಕಿತ್ತುಬರುತ್ತದೆ. ಉದ್ದವಾದರೆ ಕೆಳಗೆ ಇಳಿದು, ಕೆಲವು ಪಿಸ್ತೂಲುಗಳಲ್ಲಿ ಖಾಲಿ ಕೋಶವನ್ನು ಎಳೆಯುವ ಕೊಂಡಿಯ ಕಡ್ಡಿಗೆ ತಾಗುತ್ತದೆ. ಹೊರಗಿನಿಂದ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಯಂತ್ರ ತಡೆಹಿಡಿದಿರುತ್ತದೆ. ಥ್ರೆಡ್ಡಿಗೆ ನೀಲಿ ಬಣ್ಣದ ಲಾಕ್‌ಟೈಟ್ ಒಂದು ಚೂರು. ಹೊರಗೆ ಒಸರುವಷ್ಟು ಅಲ್ಲ. ಬಿಗಿಯುವುದಕ್ಕೆ ತೋಳಿನ ಬಲ ಬೇಡ, ಬಿಗಿತ ಅಳೆಯುವ ಪಾನಾ ಬೇಕು. ಈ ಸಣ್ಣ ತಿರುಪುಗಳಿಗೆ ಸಾಮಾನ್ಯವಾಗಿ ಹೇಳುವ ಬಿಗಿತ ಒಂದರಿಂದ ಎರಡು ನ್ಯೂಟನ್ ಮೀಟರಿನ ಒಳಗೆ. ತಯಾರಿಸಿದವರ ಪುಸ್ತಕದಲ್ಲಿ ಎಷ್ಟು ಎಂದಿದೆಯೋ ಅಷ್ಟು. “ನಮ್ಮ ಕೈಗೆ ಗೊತ್ತಾಗುತ್ತದೆ” ಎನ್ನುವ ಫಿಟ್ಟರರೇ ತಿರುಪಿನ ತಲೆ ಮುರಿಯುವವರು. ಬಳಿಕ ಲಾಕ್‌ಟೈಟ್ ಗಟ್ಟಿಯಾಗಲು ಬಿಡಬೇಕು. ಕಡೆಗೆ ತಿರುಪಿನ ತಲೆಯಿಂದ ಡಬ್ಬಿಯ ಮೈಗೆ ಒಂದು ಸಣ್ಣ ಬಣ್ಣದ ಗೆರೆ ಎಳೆಯಬೇಕು. ತಿರುಪು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಇಡೀ ಕೆಲಸದಲ್ಲಿ ಅತ್ಯಂತ ಅಗ್ಗವಾದದ್ದು ಈ ಗೆರೆ. ಅತ್ಯಂತ ಬೆಲೆಯುಳ್ಳದ್ದೂ ಇದೇ. ಏಕೆಂಬುದನ್ನು ಇನ್ನು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇವೆ.

ಈಗ ಹಳೆಯ ಕಣ್ಣಿನ ವಿಚಾರ. ಗಾಜು ಕೂತ ಮೇಲೆ ಮಾಮೂಲು ಕಬ್ಬಿಣದ ಸೈಟು ಅದರ ಹಿಂದೆ ಮುಳುಗಿಹೋಗುತ್ತದೆ. ಆದ್ದರಿಂದ ಬಲ್ಲವರು ಎತ್ತರದ ಕಬ್ಬಿಣದ ಸೈಟುಗಳನ್ನು ಹಾಕಿಸುತ್ತಾರೆ. ಗಾಜಿನ ಕೆಳಗಿನ ಅಂಚಿನಲ್ಲಿ ಗೂಟವೂ ಕಚ್ಚೂ ಕಾಣಬೇಕು. ಆದರೆ ನಡುವೆ ಬಂದು ಚುಕ್ಕಿಗೆ ಅಡ್ಡ ನಿಲ್ಲಬಾರದು. ಮನೆಯಲ್ಲಿ ಮಗ ಯಜಮಾನನಾದ ಮೇಲೆ ಅಪ್ಪ ಪಡಸಾಲೆಯ ಮೂಲೆಯಲ್ಲಿ ಕೂತಿರುವಂತೆ: ಮಾತಿಗೆ ಅಡ್ಡ ಬರುವುದಿಲ್ಲ, ಕರೆದರೆ ಓಗೊಡುತ್ತಾನೆ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಎರಡು. ಚುಕ್ಕಿಯನ್ನು ಗೂಟದ ತಲೆಯ ಮೇಲೆ ತಂದು ಕೂರಿಸಿ, ಕೆಲಸವಾಯಿತು ಎನ್ನುವುದು ಒಂದು. ಗೂಟವೇ ಸೊಟ್ಟಗಿದ್ದರೆ ಚುಕ್ಕಿಯೂ ಸೊಟ್ಟಗಾಯಿತು. ಒಬ್ಬ ಸುಳ್ಳುಸಾಕ್ಷಿಯನ್ನು ನಂಬಿ ಇನ್ನೊಬ್ಬ ಸಾಕ್ಷಿ ಹೇಳಿದಂತೆ. ಚುಕ್ಕಿಯನ್ನು ಬೇರೆಯಾಗಿ ಗುಂಡು ಹಾರಿಸಿ ಹೊಂದಿಸಬೇಕು. ಕಬ್ಬಿಣವನ್ನು ಬೇರೆಯಾಗಿ ಗುಂಡು ಹಾರಿಸಿ ಹೊಂದಿಸಬೇಕು. ಆಮೇಲೆ ಎರಡನ್ನೂ ಒಟ್ಟಿಗೆ ನೋಡಬೇಕು. ಎರಡೂ ತಮ್ಮ ತಮ್ಮ ಅನುಭವದಿಂದ ಒಂದೇ ಮಾತು ಹೇಳಿದರೆ ಅದು ನಿಜವಾದ ಸಾಕ್ಷಿ. ಮುಂದೊಂದು ದಿನ ಎರಡೂ ಬೇರೆ ಬೇರೆ ಮಾತು ಹೇಳತೊಡಗಿದರೆ, ಯಾವುದೋ ಒಂದು ತಿರುಪು ಸಡಿಲಿದೆ ಎಂದು ತಿಳಿಯುವುದು ಆಗಲೇ.

ಎರಡನೆಯ ತಪ್ಪು, ಕಬ್ಬಿಣವಿದೆ ಎಂಬ ಧೈರ್ಯದಲ್ಲಿ ಅದನ್ನು ಎಂದೂ ಬಳಸದೆ ಬಿಡುವುದು. ದೀಪ ಆರಿದ ದಿನ ತಡಕಾಡುವ ಪಾಡು. ಚುಕ್ಕಿಯನ್ನು ಆರಿಸಿ, ಕಬ್ಬಿಣದಿಂದಲೇ ಆಗಾಗ ಅಭ್ಯಾಸ ಮಾಡಬೇಕು. ಹೊಸದಾಗಿ ಗಾಜು ಹಿಡಿದವರು ಪಿಸ್ತೂಲು ಎತ್ತಿದೊಡನೆ ಚುಕ್ಕಿ ಕಾಣದೆ ಕೈ ಅತ್ತ ಇತ್ತ ಆಡಿಸುವುದುಂಟು. ಕಬ್ಬಿಣದಲ್ಲಿ ಪಳಗಿದ ಕೈ ಮೊದಲು ಗೂಟವನ್ನು ಹುಡುಕುತ್ತದೆ, ಗೂಟದ ಮೇಲೆ ಚುಕ್ಕಿ ತಾನಾಗಿ ಕೂತಿರುತ್ತದೆ. ಹಳೆಯ ವಿದ್ಯೆ ಹೊಸದಕ್ಕೆ ಹೀಗೆ ದಾರಿ ತೋರಿಸುತ್ತದೆ. ಬ್ಯಾಟರಿಯನ್ನು ಮುಗಿಯುವ ತನಕ ಕಾಯದೆ ವರ್ಷಕ್ಕೊಮ್ಮೆ ಗೊತ್ತಾದ ದಿನ ಬದಲಾಯಿಸಬೇಕು. ಕೊಡಗಿನವರು ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ತೊಳೆದು ಒರೆಸಿ, ತೋಕ್ ಪೂ ಎಂಬ ಕೋವಿಹೂ ಮುಡಿಸಿ, ಆಮೇಲೆ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುತ್ತಾರಲ್ಲ. ಅದರಲ್ಲಿ ಭಕ್ತಿಯೂ ಉಂಟು, ವರ್ಷಕ್ಕೊಮ್ಮೆ ಆಯುಧ ತಪಾಸಣೆ ಮಾಡುವ ಜಾಣತನವೂ ಉಂಟು. ಕೆಲವು ಮಾದರಿಗಳಲ್ಲಿ ಬ್ಯಾಟರಿ ತಳದಲ್ಲಿರುತ್ತದೆ. ಅದನ್ನು ಬದಲಿಸಲು ಗಾಜನ್ನು ಕಳಚಬೇಕು. ಕಳಚಿ ಕೂರಿಸಿದ ಮೇಲೆ ಮತ್ತೆ ಗುಂಡು ಹಾರಿಸಿ ನೋಡಲೇಬೇಕು.

ಬಂಧುಗಳೇ, ಇಷ್ಟು ಹೊತ್ತು ಪಿಸ್ತೂಲಿನ ಮಾತಾಯಿತು. ಇನ್ನು ನಮ್ಮ ಮಾತು. ನಾವು ಜೀವಮಾನದಲ್ಲಿ ಪಿಸ್ತೂಲು ಹಿಡಿದು ಕಾದಿದವರಲ್ಲ. ಅಳತೆಯ ಮೇಜಿನ ಮುಂದೆ ಕೂತು ಪಗಾರ ತಂದವರು. ಈ ಕಡೆಯ ಒಂದು ವರ್ಕ್‌ಶಾಪಿನಲ್ಲಿ ನಾವು ತಪಾಸಣೆಯ ಕೆಲಸದಲ್ಲಿದ್ದೆವು. ಲೇತಿನಿಂದ ಬಂದ ಶಾಫ್ಟುಗಳನ್ನು ಹಿಂದೆಲ್ಲ ರಿಂಗ್ ಗೇಜಿನಿಂದ ನೋಡುತ್ತಿದ್ದೆವು: ಒಂದು ಉಂಗುರ ಹೋಗಬೇಕು, ಇನ್ನೊಂದು ಹೋಗಬಾರದು. ಆಮೇಲೆ ಕೆಂಪು ಅಂಕಿಗಳು ಹೊಳೆಯುವ ಹೊಸ ಗೇಜು ಬಂತು. ಒಂದು ಸ್ಟ್ಯಾಂಡಿಗೆ ಸಣ್ಣ ತಿರುಪಿನಿಂದ ಅದನ್ನು ಬಿಗಿದಿದ್ದರು. ಕೆಲಸ ಚುರುಕಾಯಿತು. ಹಳೆಯ ಉಂಗುರಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಡ್ರಾವರಿನಲ್ಲಿ ಹಾಕಿದೆವು. ಆ ತಿರುಪಿಗೆ ಬಣ್ಣದ ಗೆರೆ ಎಳೆದವರಿಲ್ಲ. ಬೆಳಗ್ಗೆ ಒಮ್ಮೆ ಸೊನ್ನೆಗೆ ತಂದರೆ ಸಂಜೆಯ ತನಕ ನೋಡಿದವರಿಲ್ಲ. ಕೆಲವು ಬೆಳಗ್ಗೆ ಅದನ್ನೂ ಮಾಡದೆ ಬಿಟ್ಟೆವು.

ವಿಜಾಪುರದ ಕಡೆಯ ಒಬ್ಬ ಹುಡುಗ ಗುತ್ತಿಗೆದಾರನ ಕೆಳಗೆ ಲೇತಿನ ಮೇಲೆ ಬಂದಿದ್ದ. ಮೂರು ದಿನ ಅವನ ಮಾಲನ್ನು ನಾವು ತಿರಸ್ಕರಿಸಿದೆವು: ಮಿಲಿಮೀಟರಿನ ನೂರನೆಯ ನಾಲ್ಕು ಭಾಗ ದಪ್ಪ ಎಂದು ಗೇಜು ಹೇಳುತ್ತಿತ್ತು. ಅವನು ಮೂರನೆಯ ದಿನ ಮೇಜಿನ ಹತ್ತಿರ ಬಂದು, “ಸಾಹೇಬ್ರ, ನನ್ನ ಮೈಕ್ರೋಮೀಟರಿನ್ಯಾಗ ಬರೋಬ್ಬರಿ ಬರತೈತ್ರಿ, ಒಮ್ಮೆ ಹಳೀ ಉಂಗುರ ಹಾಕಿ ನೋಡ್ರಿ” ಎಂದ. ನಾವು ತಲೆ ಎತ್ತದೆ, “ಮಷೀನು ಸುಳ್ಳು ಹೇಳುತ್ತದೇನೋ?” ಎಂದೆವು. ಕಾಗದಕ್ಕೆ ಸಹಿ ಹಾಕಿದೆವು. ಆ ಸಂಜೆ ಗುತ್ತಿಗೆದಾರ ಅವನ ಲೆಕ್ಕ ಮುಗಿಸಿ ಕಳಿಸಿದ. ನಾಲ್ಕನೆಯ ದಿನ ಬೇರೊಬ್ಬನ ಮಾಲೂ ಹಾಗೆಯೇ ಬಂದಾಗ ನಮಗೆ ಅನುಮಾನ ಬಂತು. ಡ್ರಾವರು ತೆಗೆದು ಉಂಗುರ ಹಾಕಿದರೆ, ಹೋಗಬೇಕಾದದ್ದು ಸಲೀಸಾಗಿ ಹೋಯಿತು, ಹೋಗಬಾರದ್ದು ನಿಂತಿತು. ಗೇಜಿನ ತಿರುಪನ್ನು ಬೆರಳಿನಿಂದ ಮುಟ್ಟಿದರೆ ತಿರುಗಿತು.

ಮಾಲು ಪಾಸಾಯಿತು. ಹುಡುಗ ತಿರುಗಿ ಬರಲಿಲ್ಲ. ಅವನಿದ್ದ ಚಾಳಿಗೆ ಹೋದರೆ, ಊರಿಗೆ ಗಾಡಿ ಹತ್ತಿದ ಎಂದರು. ಊರಿನ ಹೆಸರಿಗೆ ಒಂದು ಪತ್ರ ಬರೆದೆವು; ಉತ್ತರ ಬರಲಿಲ್ಲ. ಮೇಲಿನವರಿಗೆ ನಮ್ಮ ತಪ್ಪು ಎಂದು ಹೇಳಿದೆವು. ಅವರು ತಿರುಪನ್ನು ಬದಲಿಸಿದರು. ಅಷ್ಟಕ್ಕೆ ಮುಗಿಯಿತು ಅವರಿಗೆ. ನಮಗೆ ಮುಗಿಯಲಿಲ್ಲ. ಡ್ರಾವರಿನಲ್ಲಿ ಹಳೆಯ ಕಣ್ಣು ಇತ್ತು. ಅದನ್ನು ತೆಗೆದು ನೋಡಲು ಒಂದು ನಿಮಿಷ ಸಾಕಾಗಿತ್ತು. ಕೆಂಪು ಅಂಕಿಯಾಗಲಿ ಕೆಂಪು ಚುಕ್ಕಿಯಾಗಲಿ ತಾನು ಸರಿದುದನ್ನು ತಾನೇ ಹೇಳುವುದಿಲ್ಲ. ಅದು ತಪ್ಪು ಜಾಗದಲ್ಲಿ ನಿಂತೂ ಅಷ್ಟೇ ಪ್ರಕಾಶವಾಗಿ ಹೊಳೆಯುತ್ತದೆ. ಇದನ್ನು ಹೇಳುವುದಕ್ಕೇ ನಾವು ಇಂದು ಈ ವಿಷಯವನ್ನು ಆರಿಸಿಕೊಂಡದ್ದು.

ಈಗ ತರುಣ ಮಿತ್ರನ ಮೊದಲ ಪ್ರಶ್ನೆಗೆ ಉತ್ತರ. ಒಲಿಂಪಿಕ್ಸಿನ ಪಿಸ್ತೂಲು ಸ್ಪರ್ಧೆಗಳಲ್ಲಿ ಕೆಂಪು ಚುಕ್ಕಿಗೆ ನಿಷೇಧವಿದೆ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ ತೆರೆದ ಕಬ್ಬಿಣದ ಸೈಟು ಮಾತ್ರ. ಗಾಜು, ದುರ್ಬೀನು, ಲೇಸರು ಯಾವುದೂ ಸಲ್ಲದು. ೧೦ ಮೀಟರಿನ ಏರ್ ಪಿಸ್ತೂಲಿನಲ್ಲಿ ೧೦ ಅಂಕದ ವೃತ್ತದ ವ್ಯಾಸ ೧೧.೫ ಮಿಲಿಮೀಟರು. ಅದನ್ನು ಬರಿಯ ಗೂಟ ಮತ್ತು ಕಚ್ಚಿನಿಂದ ಹೊಡೆಯಬೇಕು, ಒಂದೇ ಕೈಯಲ್ಲಿ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು ೨೦೧೩ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ ಈ ಸ್ಪರ್ಧೆಯ ಕಂಚು ಗೆದ್ದರು. ಅದೇ ವರ್ಷ ಸ್ಪೇನಿನಲ್ಲಿ ಅವರ ಮುಖದ ಒಂದು ಪಾರ್ಶ್ವಕ್ಕೆ ಲಕವಾ ಹೊಡೆಯಿತು. ಗುರಿಕಾರನಿಗೆ ಮುಖದ ಸ್ನಾಯು, ಕಣ್ಣಿನ ರೆಪ್ಪೆ ಎಂದರೆ ಏನೆಂಬುದನ್ನು ಊಹಿಸಿ. ಅವರು ಮತ್ತೆ ಅಭ್ಯಾಸಕ್ಕೆ ನಿಂತು ೨೦೧೪ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಬೆಳ್ಳಿ ಗೆದ್ದರು, ೨೦೧೬ರಲ್ಲಿ ರಿಯೋ ಒಲಿಂಪಿಕ್ಸಿಗೂ ಹೋದರು.

ಯಂತ್ರ ಕೈಕೊಡುವುದು ಕಬ್ಬಿಣದ ಸೈಟಿನ ಪಿಸ್ತೂಲಿಗೂ ತಪ್ಪಿದ್ದಲ್ಲ. ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಅವರ ಪಿಸ್ತೂಲು ನಡುವೆ ಕೆಟ್ಟು, ದುರಸ್ತಿಯಲ್ಲೇ ಬಹಳ ನಿಮಿಷ ಕಳೆದುಹೋದವು. ೫೭೫ ಅಂಕಕ್ಕೆ ೧೨ನೆಯ ಸ್ಥಾನವಾಗಿ ಅಂತಿಮ ಸುತ್ತು ತಪ್ಪಿತು. ಅದೇ ಹುಡುಗಿ ೨೦೨೪ರಲ್ಲಿ ಪ್ಯಾರಿಸಿನಲ್ಲಿ ಎರಡು ಕಂಚು ತಂದಳು. ಅಂದು ಗೆದ್ದದ್ದು ಗೂಟ, ಕಚ್ಚು ಮತ್ತು ಅಭ್ಯಾಸ.

ಇನ್ನು ಎರಡನೆಯ ಪ್ರಶ್ನೆ. ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮಿಲ್ಲಿಂಗ್ ಮಷೀನು ನಡೆಸುವ ನಮ್ಮ ಸದಸ್ಯನೊಬ್ಬ ಹೀಗೆ ಕೇಳಿದ: “ಒಬ್ಬರು ಸ್ಲೈಡು ತಂದು ಕೊಟ್ಟು, ಇದರ ಮೇಲೆ ಗಾಜು ಕೂರುವಂತೆ ಇಷ್ಟು ತಗ್ಗು ಹೊಡೆದು ಕೊಡು, ಕೈತುಂಬ ಹಣ ಕೊಡುತ್ತೇನೆ ಎನ್ನುತ್ತಿದ್ದಾರೆ. ಒಂದು ತುಂಡು ಉಕ್ಕು ತಾನೇ ಸರ್, ಮಾಡಿಕೊಡಲೇ?” ನಾವು ಅವನಿಗೆ ಹೇಳಿದ್ದನ್ನು ಎಲ್ಲರ ಎದುರು ಹೇಳುತ್ತೇವೆ: ಬೇಡಪ್ಪಾ, ಕೈ ಹಾಕಬೇಡ. ೧೯೫೯ರ ಆಯುಧ ಕಾಯಿದೆಯ ೫ನೆಯ ಕಲಮಿನ ಪ್ರಕಾರ ಆಯುಧವನ್ನಾಗಲಿ ಅದರ ಭಾಗವನ್ನಾಗಲಿ ತಯಾರಿಸುವುದಕ್ಕೆ, ಮಾರ್ಪಡಿಸುವುದಕ್ಕೆ, ದುರಸ್ತಿ ಮಾಡುವುದಕ್ಕೆ ಲೈಸೆನ್ಸು ಬೇಕು. ೨೦೧೯ರ ತಿದ್ದುಪಡಿಯಾದ ಮೇಲೆ ಈ ಕಲಮನ್ನು ಮುರಿದವರಿಗೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಸೆರೆ. ಸ್ಲೈಡು ತಂದವನ ಬಳಿ ಲೈಸೆನ್ಸಿದ್ದರೆ ಅದು ಇಟ್ಟುಕೊಳ್ಳುವುದಕ್ಕೆ. ನಿನ್ನ ಮಷೀನಿನ ಮೇಲೆ ಕೊರೆಯುವುದಕ್ಕಲ್ಲ. ಲೈಸೆನ್ಸುಳ್ಳ ಆಯುಧದ ಅಂಗಡಿಗೆ, ಲೈಸೆನ್ಸುಳ್ಳ ಕಸುಬುದಾರನ ಹತ್ತಿರ ಅವನು ಹೋಗಲಿ. ಊರು ಬಿಟ್ಟು ಬಂದವರ ಮೇಲೆ ಅನುಮಾನ ಬೇಗ ಬೀಳುತ್ತದೆ. ಕೇಸು ಬಿದ್ದರೆ ಜಾಮೀನಿಗೆ ನಿಲ್ಲುವ ನೆಂಟರು ಇಲ್ಲಿರುವುದಿಲ್ಲ. ಊರಿಗೆ ಹೋಗುವ ಮನಿಯಾರ್ಡರು ನಿಂತರೆ ಅಲ್ಲಿ ಒಲೆ ನಿಲ್ಲುತ್ತದೆ. ಆ ಹುಡುಗ ಕೆಲಸ ಒಲ್ಲೆ ಎಂದು ಹೇಳಿ ಕಳಿಸಿದನಂತೆ. ಅವನ ಹೆಸರು ಹೇಳುವುದಿಲ್ಲ. ಈ ಸಭೆಯಲ್ಲೇ ಹಿಂದಿನ ಬೆಂಚಿನಲ್ಲಿ ಕೂತಿದ್ದಾನೆ, ಅಷ್ಟು ಸಾಕು.

ನಾವು ಹೊಸದನ್ನು ಬೇಡ ಎನ್ನುವವರಲ್ಲ. ಗಾಜು ಒಳ್ಳೆಯದೇ; ಚಾಳೀಸಿನವರಿಗೆ ವರವೇ ಸರಿ. ನಮ್ಮ ಕಚೇರಿಗಳಿಗೂ ವರ್ಕ್‌ಶಾಪುಗಳಿಗೂ ದಿನಕ್ಕೊಂದು ಹೊಸ ಯಂತ್ರ ಬರುತ್ತಿದೆ, ಕಲಿಯಲೇಬೇಕು. ಆದರೆ ಕೂರಿಸಿದ ತಿರುಪಿಗೆ ಗೆರೆ ಎಳೆಯಿರಿ. ಹಳೆಯ ಸೈಟನ್ನು ಕಿತ್ತೆಸೆಯಬೇಡಿ, ಇಟ್ಟುಕೊಂಡು ಮರೆಯಲೂ ಬೇಡಿ. ಎರಡೂ ಬೇರೆ ಬೇರೆ ಮಾತು ಹೇಳಿದಾಗ, ಸಹಿ ಹಾಕುವ ಮುಂಚೆ ನಿಲ್ಲಿಸಿ ನೋಡಿ. ಆ ಸಹಿಯ ಇನ್ನೊಂದು ತುದಿಯಲ್ಲಿ ಯಾರೋ ಒಬ್ಬ ಮನುಷ್ಯನಿರುತ್ತಾನೆ.

ಪ್ರಶ್ನೆಗಳಿದ್ದರೆ ಚಹಾ ಬರುವ ತನಕ ಕೇಳಬಹುದು. ೯ರ ಲೋಕಲು ಹಿಡಿಯುವವರನ್ನು ಮಾತ್ರ ಯಾರೂ ತಡೆಯಬೇಡಿ.